ನೀರು ಬಸಿಯದ ಗದ್ದೆಯೊಳಗೆ ಇಳಿದು ನೋಡಿದಾಗ

ಮಲೆನಾಡಿನ ಯಾವ ಗುಡ್ಡವನ್ನಾದರೂ ನೆತ್ತಿಯಿಂದ ಬುಡದವರೆಗೆ ನಡೆದು ಇಳಿಯಿರಿ, ಕಾಲಡಿಯ ಮಣ್ಣಿನ ಬಣ್ಣ ಬದಲಾಗುತ್ತಾ ಬರುತ್ತದೆ. ನೆತ್ತಿಯಲ್ಲಿ ಮುರಕಲ್ಲು (ಜಂಬಿಟ್ಟಿಗೆ), ಅದರ ಮೇಲೆ ಕಡುಗೆಂಪು ಮಣ್ಣು. ಇಳಿಜಾರಿನ ನಡುವೆ ಕೆಂಪು ಹಳದಿಗೆ ತಿರುಗುತ್ತದೆ. ಬುಡದಲ್ಲಿ, ಹಳ್ಳದ ಎರಡೂ ಬದಿಯ ಗದ್ದೆಗಳಲ್ಲಿ, ಕೆಂಪೂ ಇಲ್ಲ, ಹಳದಿಯೂ ಇಲ್ಲ, ಬರೀ ಬೂದಿ ಬಣ್ಣ. ಗುಡ್ಡ ಒಂದೇ, ಬೀಳುವ ಮಳೆ ಒಂದೇ, ತಳದ ಕಲ್ಲೂ ಬಹುತೇಕ ಒಂದೇ. ಬೇರೆಯಾಗುವುದು ನೀರು ನಿಲ್ಲುವ ಕಾಲ ಮಾತ್ರ. ಮಣ್ಣಿನ ಕೆಂಪಿಗೂ ಹಳದಿಗೂ ಕಬ್ಬಿಣವೇ ಕಾರಣ. ಬೇಗ ಬಸಿದು ಒಣಗುವ ಕಡೆ ಅದು ಹೆಮಟೈಟ್ ಎಂಬ ಖನಿಜವಾಗಿ ಕೆಂಪಾಗಿರುತ್ತದೆ, ತೇವ ಹೆಚ್ಚಿರುವ ಕಡೆ ಗೊಥೈಟ್ ಎಂಬ ಖನಿಜವಾಗಿ ಹಳದಿಯಾಗುತ್ತದೆ. ತಿಂಗಳುಗಟ್ಟಲೆ ನೀರು ನಿಂತ ಕಡೆ ಕಬ್ಬಿಣ ಕರಗಿ ಅಲ್ಲಿಂದ ಜಾಗ ಬಿಡುತ್ತದೆ. ಉಳಿಯುವುದು ಮಣ್ಣಿನ ಕಣದ ಸ್ವಂತ ಬಣ್ಣ. ಗುಡ್ಡದಿಂದ ಕಣಿವೆಗೆ ಮಣ್ಣು ಹೀಗೆ ಒಂದಕ್ಕೊಂದು ಕೊಂಡಿಯಾಗಿ ಬದಲಾಗುವುದನ್ನು 1930ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ ಮಣ್ಣಿನ ನಕ್ಷೆ ಮಾಡುತ್ತಿದ್ದ ಜೆಫ್ರಿ ಮಿಲ್ನ್ ಗುರುತಿಸಿ ಬರೆದರು. ನಮ್ಮ ಗುಡ್ಡಗಳಲ್ಲಿ ಅದನ್ನು ನೋಡಲು ಅರ್ಧ ಗಂಟೆಯ ನಡಿಗೆ ಸಾಕು.

ಈ ಬೂದುಮಣ್ಣಿನ ಗದ್ದೆಗಳನ್ನು ಊರಲ್ಲಿ ಜವಳು ಎಂದು ಬದಿಗೆ ಸರಿಸುತ್ತಾರೆ. ಎತ್ತು ಇಳಿದರೆ ಹೂತುಹೋಗುವ, ಟಿಲ್ಲರ್ ಸಿಕ್ಕಿಬೀಳುವ, ಕೊಯ್ಲಿನ ಹೊತ್ತಿಗೂ ಕಾಲಡಿ ನೀರು ಬಿಡದ ಗದ್ದೆಗಳು. ಅಡಿಕೆಗೆ ಬೆಲೆ ಬಂದ ಮೇಲೆ ಇವುಗಳ ಕಥೆ ಬೇರೆಯಾಗಿದೆ. ಬೇಸಿಗೆಯಲ್ಲಿ ಜೆಸಿಬಿ ಬರುತ್ತದೆ, ಪಕ್ಕದ ಗುಡ್ಡದ ಧರೆ ಕಡಿದು ಕೆಮ್ಮಣ್ಣು ಸುರಿಯುತ್ತದೆ, ನಡುವೆ ಎರಡು ಕಾಲುವೆ ಎಳೆಯುತ್ತದೆ. ಮಳೆ ಹಿಡಿದೊಡನೆ ಸಸಿ ನೆಟ್ಟು ಮುಗಿಯಿತು. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ತೋಟ ಮಾಡಬಾರದು ಅಂತಲ್ಲ, ಮುಚ್ಚುವ ಮೊದಲು ಆ ಮಣ್ಣಿನೊಳಗೆ ಏನಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲವಲ್ಲ ಎಂದು. ಕಾಲುವೆ ಎಲ್ಲಿ ಬೇಕು, ಎಷ್ಟು ಆಳ ಬೇಕು, ಈ ಜಾಗದಲ್ಲಿ ಅಡಿಕೆ ನಿಲ್ಲುತ್ತದೆಯೋ ಇಲ್ಲವೋ, ಎಲ್ಲವೂ ಮೇಲಿನ ಒಂದೂವರೆ ಮೀಟರ್ ಮಣ್ಣಿನೊಳಗೆ ಬಣ್ಣದಲ್ಲಿ ಬರೆದಿರುತ್ತದೆ.

ಸಿದ್ದಾಪುರ ತಾಲ್ಲೂಕಿನ ಒಂದು ಕಿರಿದಾದ ಕಣಿವೆಯಲ್ಲಿ ಅಂಥ ಒಂದು ಗದ್ದೆಯಲ್ಲಿ ಮಣ್ಣಿನ ಪದರ ನೋಡಲು ತೋಡಿದ ಗುಂಡಿಯನ್ನು ಇಲ್ಲಿ ಸಾವಕಾಶವಾಗಿ ವಿವರಿಸುತ್ತೇನೆ. ಎರಡು ಕಡೆ ಗುಡ್ಡ, ನಡುವೆ ಸಣ್ಣ ಹಳ್ಳ. ಏಪ್ರಿಲ್ ಕೊನೆಯ ಹೊತ್ತಿಗೆ ಮೇಲಿನ ಮಕ್ಕಿಗದ್ದೆಗಳೆಲ್ಲ ಬಾಯಿಬಿಟ್ಟಿದ್ದರೂ ಇಲ್ಲಿ ಭತ್ತದ ಕೂಳೆಯ ನಡುವೆ ಹಸಿರಿತ್ತು. ಜೇಕು, ಹೊನಗೊನೆ, ಒಂದೆಲಗ, ಗದ್ದೆಯಂಚಿನ ಬುಡದಲ್ಲಿ ಕೆಸು. ಈ ಗಿಡಗಳು ಒಟ್ಟಿಗೆ ಕಂಡವೆಂದರೆ ನೀರು ಬಹಳ ಆಳದಲ್ಲಿಲ್ಲ ಎಂದು ಹಾರೆ ಎತ್ತುವ ಮೊದಲೇ ಹೇಳಬಹುದು. ಗದ್ದೆಯ ಯಜಮಾನರು ಅಂಚಿನ ಮೇಲೆ ನಿಂತು, “ಎಂಥ ನೋಡ್ತೀರಿ ಮಾರಾಯ್ರೆ ಈ ಜವಳಲ್ಲಿ?” ಅಂದರು. ನೀರು ಎಲ್ಲಿಂದ ಬರ್ತದೆ ಅಂತ ನೋಡ್ಬೇಕು ಯಜಮಾನ್ರೆ ಅಂದೆ. “ಮಳೆಯಿಂದ ಬರ್ತದೆ, ಮತ್ತೆಲ್ಲಿಂದ?” ಅವರ ಮಗನಿಗೆ ಅಲ್ಲಿ ಅಡಿಕೆ ಹಾಕುವ ಮನಸ್ಸು. ತಂದೆಗೆ ಅರೆಮನಸ್ಸು.

ಮೇಲಿನ 15 ಸೆಂ.ಮೀ. ಉಳುಮೆಯ ಪದರ. ವರ್ಷ ವರ್ಷ ನೀರು ಕಟ್ಟಿ, ಕೆಸರು ಕಲಸಿ, ನಾಟಿ ಮಾಡಿದ ಮಣ್ಣು. ಬಣ್ಣ ಕಪ್ಪು ಬೆರೆತ ಬೂದಿ. ಅದರಲ್ಲಿ ಕೊಳೆತ ಕೂಳೆ, ಸೊಪ್ಪು, ಗೊಬ್ಬರದ ಅಂಶ ಚೆನ್ನಾಗಿದೆ. ಒಂದು ಹೆಂಟೆ ತೆಗೆದು ಎರಡು ಹೆಬ್ಬೆರಳಿನ ನಡುವೆ ಒಡೆದು ಬಿಸಿಲಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಕೊಳವೆಗಳು ಕಾಣುತ್ತವೆ. ಒಂದೊಂದರ ಸುತ್ತಲೂ ಕಿತ್ತಳೆ ಬಣ್ಣದ ತುಕ್ಕಿನ ಪೊರೆ. ಕೊಳವೆಯೊಳಗೆ ಕೆಲವು ಕಡೆ ಒಣಗಿದ ಬೇರಿನ ಎಳೆ ಇನ್ನೂ ಇದೆ. ಭತ್ತದ ಬೇರಿನೊಳಗೆ ಗಾಳಿ ಹಾಯುವ ಸಂದುಗಳಿರುತ್ತವೆ. ಎಲೆಯಿಂದ ಇಳಿದ ಆಮ್ಲಜನಕ ಅವುಗಳ ಮೂಲಕ ಬೇರಿಗೆ ಬಂದು ಹೊರಗೂ ಒಂದಿಷ್ಟು ಸೋರುತ್ತದೆ. ಆಗ ಸುತ್ತಲಿನ ನೀರಿನಲ್ಲಿ ಕರಗಿದ್ದ ಕಬ್ಬಿಣ ಅಲ್ಲೇ ತುಕ್ಕಾಗಿ ಕೂರುತ್ತದೆ. ಕಬ್ಬಿಣ ಒಳಗೆ ನುಗ್ಗಿ ವಿಷವಾಗದಂತೆ ಭತ್ತ ತಾನೇ ಕಟ್ಟಿಕೊಂಡ ಗೋಡೆ ಅದು. ಗಿಡ ಕೊಯ್ದು ತಿಂಗಳುಗಳಾದರೂ ಗೋಡೆ ಹಾಗೇ ಉಳಿದಿರುತ್ತದೆ. ಇದನ್ನು ನೋಡಲು ಭೂತಗನ್ನಡಿಯೂ ಬೇಡ.

ಅದರ ಕೆಳಗೆ ಏಳೆಂಟು ಸೆಂ.ಮೀ. ದಪ್ಪದ ಗಟ್ಟಿ ಪದರ. ಮೇಲಿನ ಮಣ್ಣಿಗೆ ಚಾಕು ಸಲೀಸಾಗಿ ಇಳಿದದ್ದು ಇಲ್ಲಿ ತಡೆಯುತ್ತದೆ. ಚೂರು ಎಬ್ಬಿಸಿದರೆ ಅಡ್ಡಡ್ಡ ಚಕ್ಕೆಯಾಗಿ ಬರುತ್ತದೆ. ನೇಗಿಲ ಕುಳದ ಒತ್ತು, ಎತ್ತಿನ ಗೊರಸು, ಈಚೆಗೆ ಟಿಲ್ಲರಿನ ಚಕ್ರ, ಜೊತೆಗೆ ಮೇಲಿನಿಂದ ಇಳಿದು ಕೂರುವ ನಯವಾದ ಜೇಡಿ, ಎಲ್ಲ ಸೇರಿ ತಲೆಮಾರುಗಳಲ್ಲಿ ಕಟ್ಟಿದ ಪದರ ಇದು. ಭತ್ತದವರಿಗೆ ಇದು ಆಸ್ತಿ. ಕಟ್ಟಿದ ನೀರು ಇಂಗಿಹೋಗದಂತೆ ಹಿಡಿಯುವುದು ಇದೇ. ಅಡಿಕೆಗೆ, ತೆಂಗಿಗೆ ಇದೇ ಶತ್ರು.

ಗಟ್ಟಿ ಪದರದ ಕೆಳಗೆ, ಸುಮಾರು 25ರಿಂದ 60 ಸೆಂ.ಮೀ. ತನಕ, ಬಹಳ ಜನ ನಿರೀಕ್ಷಿಸದ್ದು ಇತ್ತು: ಕಂದು ಹಳದಿ ಮಣ್ಣು. ಅದರ ತುಂಬ ಬೂದಿ ಕಲೆ, ಕಿತ್ತಳೆ ಕಲೆ, ಅಲ್ಲಲ್ಲಿ ಸಾಸಿವೆ ಗಾತ್ರದ ಕಪ್ಪು ಉಂಡೆ. ಕಪ್ಪು ಮ್ಯಾಂಗನೀಸ್‌ದು. ಏಡಿ ಕೊರೆದ ಹಳೆಯ ಬಿಲವೊಂದು ಗೋಡೆಯಲ್ಲಿ ಓರೆಯಾಗಿ ಸೀಳಿಹೋಗಿತ್ತು. ಅದರ ಒಳಮೈ ಪೂರ್ತಿ ತುಕ್ಕು ಬಳಿದ ಹಾಗೆ ಕೆಂಪು, ಒಂದು ಬೆರಳು ಆಚೆಗೆ ಮತ್ತೆ ಬೂದಿ. ಗಾಳಿ ಬಿಲದ ದಾರಿಯಲ್ಲಿ ಇಲ್ಲಿಯವರೆಗೂ ಬಂದಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಹೀಗೆ ಕಲೆ ಕಲೆಯಾಗಿರುವ ಮಣ್ಣು ಎಂದರೆ ನೀರಿನ ಮಟ್ಟ ಏರಿ ಇಳಿದು ಮಾಡುವ ವಲಯ. ಮಳೆಗಾಲದಲ್ಲಿ ಕಬ್ಬಿಣ ಕರಗಿ ಸರಿದಾಡುತ್ತದೆ, ಬೇಸಿಗೆಯಲ್ಲಿ ಗಾಳಿ ಸಿಕ್ಕ ಸಂದಿಯಲ್ಲಿ ತುಕ್ಕಾಗಿ ನಿಲ್ಲುತ್ತದೆ.

60 ಸೆಂ.ಮೀ. ದಾಟಿದ ಮೇಲೆ ಕಿತ್ತಳೆ ಕಲೆಗಳು ಕಡಿಮೆಯಾಗುತ್ತಾ ಬಂದು ನಿಂತೇಹೋದವು. ನೀಲಿ ಬೆರೆತ ಬೂದಿ, ಕೆಲವು ಕಡೆ ಸ್ವಲ್ಪ ಹಸಿರು ಛಾಯೆ. ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತಾ ಪಟ್ಟಿ ಎಳೆದರೆ ತುಂಡಾಗದೆ ಐದಾರು ಸೆಂ.ಮೀ. ಉದ್ದ ಬಂತು. ಅಂದರೆ ಜೇಡಿಯ ಪ್ರಮಾಣ ಜಾಸ್ತಿ. ಮೂಗಿಗೆ ಹಿಡಿದರೆ ಕೊಳೆತ ಮೊಟ್ಟೆಯ ಸಣ್ಣ ವಾಸನೆ. ಮಣ್ಣಿನ ಶಾಸ್ತ್ರದಲ್ಲಿ ಇದಕ್ಕೆ ಗ್ಲೇ ಎಂದು ಹೆಸರು. 1905ರಲ್ಲಿ ರಷ್ಯಾದ ವೈಸೋಟ್‌ಸ್ಕಿ ಅದನ್ನು ಬಳಕೆಗೆ ತಂದರು. ಒಂದು ಹೆಂಟೆಯನ್ನು ಗುಂಡಿಯ ದಡದಲ್ಲಿ ಒಡೆದಿಟ್ಟು ನಾವು ಮಜ್ಜಿಗೆ ಕುಡಿದು ಬರುವಷ್ಟರಲ್ಲಿ ಅದರ ಹೊರಮೈಯ ನೀಲಿ ಮಾಸಿ ಕಂದಾಗಿತ್ತು, ಒಳಗೆ ಮಾತ್ರ ನೀಲಿ. ಯಜಮಾನರ ಮಗ ಅದನ್ನು ಮತ್ತೆ ಮತ್ತೆ ಮುರಿದು ನೋಡಿದ. ಕಣ್ಣೆದುರೇ ಮಣ್ಣು ಉಸಿರಾಡುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮಣ್ಣಿನ ಬಣ್ಣ ಹೋಲಿಸಿ ನೋಡುವ ಮುನ್ಸೆಲ್ ಪುಸ್ತಕ ಇದ್ದವರು ಬಣ್ಣ ಗುರುತು ಹಾಕಿಕೊಳ್ಳುವುದಾದರೆ ಹಸಿ ಮಣ್ಣು ಅಗೆದ ಕೂಡಲೇ ಮಾಡಬೇಕು, ಸಂಜೆ ಮನೆಯಲ್ಲಲ್ಲ.

ಒಂದು ಮೀಟರಿನ ಕೆಳಗೆ ದಪ್ಪ ಮರಳು, ಬೆಣಚುಕಲ್ಲಿನ ಚೂರು. ಹಳ್ಳ ಯಾವುದೋ ಕಾಲದಲ್ಲಿ ಇಲ್ಲಿ ಹರಿದಿತ್ತು. ಮರಳಿನ ತಲೆಯ ಮೇಲೆ ಒಂದು ತೆಳು ಕಪ್ಪು ಗೆರೆ; ಚಾಕುವಿನ ತುದಿಯಿಂದ ಬಿಡಿಸಿದರೆ ಎಲೆಯ ನರ, ತೊಗಟೆಯ ಚೂರು. ಗಾಳಿ ಸಿಗದ್ದರಿಂದ ಕೊಳೆಯದೆ ಉಳಿದ ಕಾಡಿನ ದರಗು. ನೀರು ಬಂದದ್ದು ಇಲ್ಲಿಂದ. ಗುಂಡಿಯ ತಳದಿಂದ ಉಕ್ಕಲಿಲ್ಲ. ಗುಡ್ಡದ ಕಡೆಯ ಗೋಡೆಯಲ್ಲಿ, ಜೇಡಿಗೂ ಮರಳಿಗೂ ನಡುವಿನ ಗೆರೆಯಿಂದ, ಅಡ್ಡಲಾಗಿ ಒಸರಿತು. ಹಳ್ಳದ ಕಡೆಯ ಗೋಡೆ ಒದ್ದೆಯಾಗಿತ್ತೇ ಹೊರತು ಸೋರುತ್ತಿರಲಿಲ್ಲ. “ಗುಡ್ಡದಿಂದ ಬರ್ತಾ ಉಂಟಲ್ಲ ಇದು” ಅಂತ ಯಜಮಾನರೇ ಅಂದರು. ನೆತ್ತಿಯ ಮುರಕಲ್ಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಗಿದ ಮಳೆ ಏಪ್ರಿಲ್‌ನಲ್ಲಿ ಇಲ್ಲಿ ಜಿನುಗುತ್ತಿತ್ತು.

ಈಗ ಇವನ್ನೆಲ್ಲ ಒಟ್ಟಿಗೆ ನೋಡಿ. ಮೇಲೆ ಬೂದಿ, ನಡುವೆ ಕಂದು, ಕೆಳಗೆ ಮತ್ತೆ ಬೂದಿ. ಒಂದೇ ಗದ್ದೆಯಲ್ಲಿ ಎರಡು ಬೇರೆ ಬೇರೆ ನೀರುಗಳಿವೆ ಎಂದು ಇದರ ಅರ್ಥ. ಮೇಲಿನದು ನಾವು ಕಟ್ಟಿದ ನೀರು, ಗಟ್ಟಿ ಪದರದ ಮೇಲೆ ನಿಂತದ್ದು. ಕೆಳಗಿನದು ಗುಡ್ಡದಿಂದ ಬಂದ ಅಂತರ್ಜಲ. ಇವೆರಡೂ ಸೇರದ ಕಡೆ ನಡುವೆ ಕಂದು ಮಣ್ಣು ಉಳಿದಿದೆ. ಮೇಲೆ ಮಾತ್ರ ಬೂದಿ, ಕೆಳಗೆ ಪೂರ್ತಿ ಕೆಂಪು ಹಳದಿ ಇದ್ದರೆ ಅದು ನಿಂತ ನೀರಿನ ತೊಂದರೆ ಮಾತ್ರ. ಗಟ್ಟಿ ಪದರ ಒಡೆದು, ಮೇಲ್ಮೈ ನೀರಿಗೆ ದಾರಿ ಮಾಡಿದರೆ ಅರ್ಧ ಕೆಲಸ ಆಯಿತು. ಕೆಳಗೆ ಬೂದಿ ಇದ್ದರೆ ಗದ್ದೆಯ ನಡುವೆ ಎಷ್ಟು ಕಾದಿಗೆ (ಬಸಿಗಾಲುವೆ) ತೋಡಿದರೂ ನೀರು ಬರುತ್ತಲೇ ಇರುತ್ತದೆ, ಯಾಕೆಂದರೆ ಅದರ ಬಾಯಿ ಗುಡ್ಡದ ಬುಡದಲ್ಲಿದೆ. ಅಲ್ಲಿ, ಒರತೆ ಶುರುವಾಗುವ ಗೆರೆಗುಂಟ, ಮರಳಿನ ಪದರ ಮುಟ್ಟುವ ಆಳದ ಒಂದು ಕಾಲುವೆ ಅಡ್ಡ ಹಾಕಿ ನೀರನ್ನು ಬದಿಯಿಂದ ಹಳ್ಳಕ್ಕೆ ಬಿಡಬೇಕು. ನಡುಗದ್ದೆಯಲ್ಲಿ ಹತ್ತು ಕಾದಿಗೆ ಮಾಡಲಾಗದ ಕೆಲಸವನ್ನು ಸರಿಯಾದ ಜಾಗದ ಒಂದು ಕಾಲುವೆ ಮಾಡುತ್ತದೆ. ನಮ್ಮ ಹಳೆಯ ಅಡಿಕೆ ತೋಟಗಳಲ್ಲಿ ಧರೆಯ ಬುಡದಲ್ಲಿ ಆಳವಾದ ಕಾಲುವೆ ಇರುವುದನ್ನು ಗಮನಿಸಿ. ಕಟ್ಟಿದವರು ಈ ಲೆಕ್ಕ ತಿಳಿದೇ ಕಟ್ಟಿದ್ದರು ಎಂದು ನಾನು ನಂಬುತ್ತೇನೆ.

ಒಳಗೆ ನಡೆಯುವುದರ ಬಗ್ಗೆ ಸ್ವಲ್ಪ. ಗಾಳಿಯಲ್ಲಿ ಆಮ್ಲಜನಕ ಸರಿದಾಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನ. ನೀರು ನಿಂತು ಒಂದೆರಡು ದಿನದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವೆ. ಆಮೇಲೆ ಅವು ಉಸಿರಾಟಕ್ಕೆ ನೈಟ್ರೇಟಿಗೆ ಕೈಹಾಕುತ್ತವೆ, ಅದು ಮುಗಿದರೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಆಮೇಲೆ ಗಂಧಕದ ಸಲ್ಫೇಟ್, ಎಲ್ಲ ಬರಿದಾದ ಮೇಲೆ ಮೀಥೇನ್ ಹುಟ್ಟುತ್ತದೆ. ಈ ಸರದಿ ಹೆಚ್ಚುಕಡಿಮೆ ತಪ್ಪುವುದಿಲ್ಲ. ನಿಂತ ನೀರಿಗೆ ಮೇಲಿನಿಂದ ಎರಚಿದ ಯೂರಿಯಾದ ಸಾರಜನಕ ಬಹಳಷ್ಟು ಗಾಳಿಗೆ ಹೋಗುವುದಕ್ಕೆ ಇದೂ ಒಂದು ಕಾರಣ. ಮೇಲಿನ ತೆಳು ಪೊರೆಯಲ್ಲಿ ಆಮ್ಲಜನಕ ಇರುತ್ತದೆ, ಅಲ್ಲಿ ಸಾರಜನಕ ನೈಟ್ರೇಟ್ ಆಗುತ್ತದೆ. ಕೆಲವೇ ಮಿಲಿಮೀಟರ್ ಕೆಳಗೆ ಇಳಿದರೆ ಆಮ್ಲಜನಕ ಇಲ್ಲ, ಅಲ್ಲಿ ಅನಿಲವಾಗಿ ಹಾರಿಹೋಗುತ್ತದೆ. ಗೊಬ್ಬರ ಕೆಸರಿನೊಳಗೆ ಇಳಿಸಿ ಕೊಡಿ ಎಂದು ಹೇಳುವುದು ಸುಮ್ಮನೆ ಅಲ್ಲ.

ಒಳ್ಳೆಯದೂ ಆಗುತ್ತದೆ. ನಮ್ಮ ಹುಳಿಮಣ್ಣಿನಲ್ಲಿ ನೀರು ನಿಂತ ಕೆಲವು ವಾರಗಳಲ್ಲಿ ಹುಳಿ ತಾನಾಗಿ ಇಳಿದು ರಸಸಾರ (ಪಿಎಚ್) 6.5ರಿಂದ 7ರ ಕಡೆಗೆ ಏರುತ್ತದೆ. ಕಬ್ಬಿಣದ ಹಿಡಿತದಲ್ಲಿದ್ದ ರಂಜಕ ಬಿಡುಗಡೆಯಾಗುತ್ತದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿದ್ದ ಶ್ರೀಲಂಕಾ ಮೂಲದ ಪೊನ್ನಂಪೆರುಮ 1972ರಲ್ಲಿ ಮುಳುಗಿದ ಮಣ್ಣಿನ ರಸಾಯನದ ಬಗ್ಗೆ ಬರೆದದ್ದನ್ನು ಈ ವಿಷಯದವರು ಇವತ್ತಿಗೂ ಮೊದಲು ತೆರೆಯುತ್ತಾರೆ. ಆದರೆ ಇದೇ ಗದ್ದೆಯನ್ನು ಬಸಿದು ತೋಟ ಮಾಡಿದಾಗ ಎಲ್ಲ ತಿರುಗಾಮುರುಗ. ಹುಳಿ ಮರಳಿ ಬರುತ್ತದೆ, ರಂಜಕ ಮತ್ತೆ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಭತ್ತಕ್ಕೆ ಸುಣ್ಣದ ಬಗ್ಗೆ ಯೋಚಿಸದೆ ಇದ್ದವರು ತೋಟಕ್ಕೆ ಯೋಚಿಸಲೇಬೇಕು. ಕರಗಿದ್ದ ಕಬ್ಬಿಣ ಹೊಸ ಕಾದಿಗೆಗೆ ಬಂದು ಗಾಳಿ ತಗುಲಿದೊಡನೆ ಕೆಂಪು ಲೋಳೆಯಾಗಿ ಕೂತು ಕಾದಿಗೆಯನ್ನೇ ಕಟ್ಟುತ್ತದೆ. ಅದರ ಮೇಲೆ ಬಣ್ಣಬಣ್ಣದ ಎಣ್ಣೆಯಂಥ ಪಸೆ ತೇಲುತ್ತದಲ್ಲ, ಯಾರೋ ಡೀಸೆಲ್ ಚೆಲ್ಲಿದ್ದಾರೆ ಎಂದು ಜಗಳ ಆದದ್ದೂ ಉಂಟು. ಕಡ್ಡಿಯಿಂದ ಮುಟ್ಟಿ ನೋಡಿ. ಎಣ್ಣೆಯಾದರೆ ಕಡ್ಡಿಯ ಹಿಂದೆ ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಪಸೆಯಾದರೆ ಚೂರು ಚೂರಾಗಿ ಒಡೆದು ಹಾಗೇ ನಿಲ್ಲುತ್ತದೆ.

ಮಣ್ಣು ಪರೀಕ್ಷೆ ಮಾಡಿಸಿದ್ದೇವಲ್ಲ ಎಂದು ಯಜಮಾನರ ಮಗ ಕಾರ್ಡು ತಂದು ತೋರಿಸಿದ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡು ಒಳ್ಳೆಯ ಯೋಜನೆ, ಅದರಲ್ಲಿ 12 ಅಂಶಗಳ ಅಂಕಿ ಇರುತ್ತದೆ. ಆದರೆ ಮಾದರಿ ತೆಗೆಯುವುದು ಮೇಲಿನ ಪದರದಿಂದ. ಅದನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಕೊಡುತ್ತೇವೆ. ಒಣಗಿದಾಗಲೇ ನೀಲಿ ಮಾಸಿತು, ಪುಡಿ ಮಾಡಿದಾಗ ಬೇರಿನ ತುಕ್ಕುಗೋಡೆಯೂ ಗಟ್ಟಿ ಪದರದ ಚಕ್ಕೆಯೂ ಹೋದವು. ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎನ್ನುವ ಪ್ರಶ್ನೆಗೆ ಆ ಪುಡಿಯಲ್ಲಿ ಉತ್ತರ ಇಲ್ಲ. ಗೊಬ್ಬರದ ಲೆಕ್ಕಕ್ಕೆ ಕಾರ್ಡು ಇರಲಿ, ಬಸಿಯುವ ಲೆಕ್ಕಕ್ಕೆ ಗುಂಡಿಯೇ ಬೇಕು.

ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಮೂರು ಅಡಿಯೊಳಗೇ ಇರುತ್ತವೆ. ಅದಕ್ಕೆ ಭತ್ತದ ಬೇರಿನಂತೆ ನೀರೊಳಗೆ ಗಾಳಿ ಎಳೆದುಕೊಂಡು ಬದುಕುವ ಶಕ್ತಿ ಇಲ್ಲ. ಬಸಿಯದ ತೋಟದಲ್ಲಿ ಬೇರು ಕೊಳೆಸುವ ಅಣಬೆ ರೋಗ ಬೇಗ ಹಬ್ಬುತ್ತದೆ. ತುದಿ ಮುದುಡಿ ಎಲೆ ಚಿಕ್ಕದಾಗುವ ಹಿಡಿಮುಂಡಿಗೆ ಕಾಣುವುದೂ ಹೆಚ್ಚಾಗಿ ಗಟ್ಟಿ ತಳದ, ನೀರು ನಿಲ್ಲುವ ಜಾಗಗಳಲ್ಲೇ. ಗದ್ದೆಯ ಮೇಲೆ ಎರಡಡಿ ಕೆಮ್ಮಣ್ಣು ಸುರಿದರೆ ಗಟ್ಟಿ ಪದರ ಹೋಗುವುದಿಲ್ಲ, ಎರಡಡಿ ಕೆಳಗಾಗುತ್ತದೆ ಅಷ್ಟೇ. ಮೊದಲ ಕೆಲವು ವರ್ಷ ಸಸಿ ಚೆನ್ನಾಗಿ ಬರುತ್ತದೆ. ಬೇರು ಅಲ್ಲಿಗೆ ಮುಟ್ಟುವ ಹೊತ್ತಿಗೆ ಹಳದಿ ತಿರುಗಲು ಶುರು. ಆಗ ಬರುವ ಸಲಹೆಗಳೆಲ್ಲ ಔಷಧದ ಬಗ್ಗೆ ಇರುತ್ತವೆ.

ಧರೆ ಕಡಿಯುವುದರಿಂದ ಆಗುವ ಇನ್ನೊಂದು ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆ ಕೆಮ್ಮಣ್ಣಿನ ಗುಡ್ಡವೇ ನೀರು ಹಿಡಿದಿಟ್ಟುಕೊಂಡು ಬೇಸಿಗೆಗೆ ಬಿಡುತ್ತಿದ್ದದ್ದು. ಮೇಲೆ ಕಡಿದು ಕೆಳಗೆ ಬಸಿದರೆ ಹಳ್ಳದಲ್ಲಿ ನೀರು ಬೇಗ ಓಡಿ ಬೇಗ ಒಣಗುತ್ತದೆ. ಕಣಿವೆಯ ಬಾವಿಗಳ ನೀರು ಈ ಬೂದುಮಣ್ಣಿನ ಜೊತೆಗೇ ಇದೆ.

ಇಂಥ ಕಣಿವೆ ಗದ್ದೆಯಾಗುವ ಮೊದಲು ಹೇಗಿರುತ್ತದೆ ಎಂದು ನೋಡಬೇಕೆಂದರೆ ಇದೇ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಬೇಕು, ಸಾಗರದಿಂದ ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿದೆ. ರಾಮಪತ್ರೆ ಬಳಗದ ಮರಗಳ ಜೌಗುಕಾಡು. ಮರಗಳು ಗಾಳಿಯಿಲ್ಲದ ಕೆಸರಿಗೆ ಹೊಂದಿಕೊಂಡ ಬಗೆ ಅಲ್ಲಿ ಕಣ್ಣಿಗೆ ಕಾಣುತ್ತದೆ. ಕೆಲವದರ ಬೇರು ಕಾಂಡದಿಂದಲೇ ಹೊರಟು ಊರುಗೋಲಿನಂತೆ ನಿಂತರೆ, ಇನ್ನು ಕೆಲವದರ ಬೇರು ಕೆಸರಿನಿಂದ ಮೇಲೆದ್ದು, ಮಂಡಿಯಂತೆ ಬಾಗಿ ಮತ್ತೆ ಕೆಳಗಿಳಿಯುತ್ತದೆ; ಉಸಿರಾಟ ಆ ಬಾಗಿನಲ್ಲಿ. ಗೇರು ಬಳಗದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ಇಲ್ಲಿಂದಲೇ 2000ದಲ್ಲಿ ಹೊಸ ಪ್ರಭೇದವೆಂದು ಗುರುತಿಸಿದರು. ಪಶ್ಚಿಮ ಘಟ್ಟದ ಇಂಥ ಜೌಗುಕಾಡುಗಳು ಬಹಳಷ್ಟು ಗದ್ದೆಯಾಗಿ, ತೋಟವಾಗಿ ಹೋಗಿವೆ. ನಮ್ಮ ಗುಂಡಿಯ ತಳದ ಕಪ್ಪು ಗೆರೆಯ ಎಲೆ ಯಾವ ಮರದ್ದೋ ಗೊತ್ತಿಲ್ಲ, ಆದರೆ ಆ ಜಾಗದಲ್ಲಿ ಭತ್ತಕ್ಕಿಂತ ಮೊದಲು ನೀರೊಳಗೆ ನಿಂತ ಕಾಡೊಂದಿತ್ತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ತಂದೆ ಮಗ ಬಹಳ ಹೊತ್ತು ಮಾತಾಡಿಕೊಂಡರು. ಗುಡ್ಡದ ಬುಡಕ್ಕೆ ಅಡ್ಡ ಕಾಲುವೆ ತೋಡಿ, ಕಂದು ಪದರ ದಪ್ಪವಿರುವ ಮೇಲಿನ ಎರಡು ಗದ್ದೆಗೆ ಮಾತ್ರ ಅಡಿಕೆ, ಹಳ್ಳದ ಬದಿಯದು ಭತ್ತಕ್ಕೇ ಇರಲಿ ಎಂದು ಒಪ್ಪಂದವಾಯಿತು. ಅದಕ್ಕೂ ಮುನ್ನ ಒಂದು ಮಳೆಗಾಲ ಕಾಯಿರಿ ಎಂದು ಹೇಳಿದೆ. ಮೂರು ಜಾಗದಲ್ಲಿ ಪಿವಿಸಿ ಪೈಪಿಗೆ ತೂತು ಕೊರೆದು ಮೀಟರ್ ಆಳಕ್ಕೆ ಇಳಿಸಿ, ವಾರಕ್ಕೊಮ್ಮೆ ಕೋಲು ಬಿಟ್ಟು ಒಳಗಿನ ನೀರಿನ ಮಟ್ಟ ಬರೆದಿಡುವುದು. ಡಿಸೆಂಬರ್‌ಗೆ ನೀರು 60 ಸೆಂ.ಮೀ.ಗಿಂತ ಕೆಳಗೆ ಇಳಿಯದ ಜಾಗದಲ್ಲಿ ಅಡಿಕೆಯ ಆಸೆ ಬಿಡುವುದು ಕ್ಷೇಮ. ಮಗ ಅಲ್ಲೇ ಮೊಬೈಲಿನಲ್ಲಿ ಮೂರು ಜಾಗದ ಫೋಟೊ ತೆಗೆದುಕೊಂಡ.

ನೀವೂ ತೋಡುವುದಾದರೆ ಮಾರ್ಚ್ ಏಪ್ರಿಲ್ ಸರಿಯಾದ ಸಮಯ. ಮಳೆಗಾಲದಲ್ಲಿ ಗೋಡೆ ಕುಸಿಯುತ್ತದೆ, ಆಳಕ್ಕೆ ಒಬ್ಬರೇ ಇಳಿಯಬೇಡಿ. ಅಗೆದ ಮಣ್ಣನ್ನು ಪದರ ಪದರವಾಗಿ ಬೇರೆ ಬೇರೆ ರಾಶಿ ಹಾಕಿ, ಮುಚ್ಚುವಾಗ ನೀಲಿಮಣ್ಣು ತಳಕ್ಕೆ, ಉಳುಮೆಯ ಮಣ್ಣು ಮೇಲಕ್ಕೆ ಬರಲಿ. ಗಟ್ಟಿ ಪದರದ ಮಟ್ಟಕ್ಕೆ ಬಂದಾಗ ಚೆನ್ನಾಗಿ ತುಳಿದು ಕೂರಿಸಿ, ಇಲ್ಲದಿದ್ದರೆ ಜೂನ್‌ನಲ್ಲಿ ಕಟ್ಟಿದ ನೀರು ಆ ಒಂದು ಗುಂಡಿಯ ದಾರಿಯಲ್ಲೇ ಇಂಗಿಹೋಗುತ್ತದೆ.